ಅಪರೂಪದ ನಾಣ್ಯವೋ, ಬರೀ ಸವೆದ ಅಚ್ಚೋ: ಗ್ರೇಡಿಂಗಿಗೆ ಕಳಿಸುವ ಮುನ್ನ ಮಾಡಬೇಕಾದ ತಪಾಸಣೆ

ಅಕ್ಷರಗಳು ಎರಡೆರಡಾಗಿ ಕಾಣುತ್ತಿವೆ. ಇಸವಿಯ ಕೆಳಗೆ ಇರಬೇಕಾದ ಗುರುತು ಇಲ್ಲ. ಅಂಚು ಚಂದ್ರನಂತೆ ತುಂಡಾಗಿದೆ. ಇಲ್ಲವೇ, ಎಲ್ಲರೂ ಹುಡುಕುವ ಇಸವಿಯೇ ನಾಣ್ಯದ ಮೇಲಿದೆ. ಇಂಥ ನಾಣ್ಯ ಕೈಗೆ ಬಂದಾಗ ಹೆಚ್ಚಿನವರು ಅದು ಅಪರೂಪದ್ದು ಎಂದು ಸಾಧಿಸುವ ಪುರಾವೆ ಹುಡುಕತೊಡಗುತ್ತಾರೆ. ತಪಾಸಣೆ ಅಡ್ಡದಾರಿ ಹಿಡಿಯುವುದು ಅಲ್ಲೇ. ಅಪರೂಪದ್ದಲ್ಲ ಎನ್ನಲು ಏನೇನು ಕಾರಣ ಸಿಗಬಹುದೋ ಅವನ್ನೆಲ್ಲ ಒಂದೊಂದಾಗಿ ಹುಡುಕಿ. ಯಾವುದೂ ಸಿಗದೆ ಉಳಿದ ನಾಣ್ಯಕ್ಕೆ ಮಾತ್ರ ಗ್ರೇಡಿಂಗ್ (ಸಂಸ್ಥೆಯೊಂದು ನಾಣ್ಯದ ಅಸಲಿತನ, ಸ್ಥಿತಿ ನೋಡಿ ಅಂಕ ಕೊಟ್ಟು ಪೆಟ್ಟಿಗೆಯಲ್ಲಿ ಭದ್ರಪಡಿಸುವ ಸೇವೆ) ಶುಲ್ಕ ಕಟ್ಟಿ. ಇಲ್ಲಿರುವುದು ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿ ಮತ್ತು ಸ್ವತಂತ್ರ ಭಾರತದ ಚಲಾವಣೆ ನಾಣ್ಯಗಳಿಗೆ ಹೊಂದುವ ಕ್ರಮ.

ಬೇಕಾದ ಸಾಮಾನು: 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಚಿನಿವಾರರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದೇ ಸಾಕು), 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ವರ್ನಿಯರ್ ಕ್ಯಾಲಿಪರ್, ಒಂದು ಗಟ್ಟಿ ನಿಯೋಡಿಮಿಯಮ್ ಆಯಸ್ಕಾಂತ, ಕತ್ತು ತಿರುಗಿಸಬಹುದಾದ ಮೇಜಿನ ದೀಪ. 30–40 ಪಟ್ಟಿನ ಭೂತಗನ್ನಡಿ ಬೇಡ. ಅದರಡಿ ಪ್ರತಿ ಗೀರೂ ಪವಾಡದಂತೆ ಕಾಣುತ್ತದೆ. ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ.

ಮೊದಲು, ಉಜ್ಜಬೇಡಿ

ದೇವರ ಮನೆಯಿಂದ ಹೊರಬಂದ ಬೆಳ್ಳಿ ರೂಪಾಯಿಯ ಮೇಲೆ ಅರಿಸಿನ-ಕುಂಕುಮ ಮೆತ್ತಿರುತ್ತದೆ, ಬಣ್ಣ ಕಪ್ಪಾಗಿರುತ್ತದೆ. ಹುಣಸೆಹಣ್ಣು, ವಿಭೂತಿ, ಪೀತಾಂಬರಿ ಕಡೆಗೆ ಕೈ ತಾನಾಗಿ ಹೋಗುತ್ತದೆ. ಹುಣಸೆಯ ಆಮ್ಲ ಮೇಲ್ಪದರವನ್ನು ತಿನ್ನುತ್ತದೆ, ಪುಡಿ ನವಿರಾದ ಗೀರು ಮೂಡಿಸುತ್ತದೆ. ಈ ಗೀರುಗಳನ್ನು ಯಾರೂ ಅಳಿಸಲಾರರು. ಗ್ರೇಡಿಂಗ್ ಸಂಸ್ಥೆ ಅಂಥ ನಾಣ್ಯಕ್ಕೆ ಅಂಕ ಕೊಡುವುದಿಲ್ಲ. 'ಡೀಟೇಲ್ಸ್' ಎಂದು ಬರೆದು, ಪಕ್ಕದಲ್ಲಿ 'ಶುಚಿಗೊಳಿಸಲಾಗಿದೆ' ಎಂಬ ಕಾರಣ ಸೇರಿಸಿ ಹಿಂದಿರುಗಿಸುತ್ತದೆ. ಬೆಲೆ ಅಲ್ಲೇ ಕುಸಿಯುತ್ತದೆ.

ಮೊದಲೇ ಉಜ್ಜಿದ ನಾಣ್ಯವೋ ಎಂದು ತಿಳಿಯಲು ದೀಪದ ಕೆಳಗೆ ನಾಣ್ಯವನ್ನು ಮೆಲ್ಲಗೆ ಓಲಾಡಿಸಿ. ಮುಟ್ಟದ ನಾಣ್ಯದಲ್ಲಿ ಬೆಳಕು ನಡುವಿನಿಂದ ಚಕ್ರದ ಕಡ್ಡಿಗಳಂತೆ ತಿರುಗುತ್ತದೆ. ಅಚ್ಚಿನ ಏಟಿಗೆ ಲೋಹ ಹೊರಕ್ಕೆ ಹರಿದಾಗ ಮೂಡಿದ ಸೂಕ್ಷ್ಮ ಗೆರೆಗಳ ಹೊಳಪು ಅದು. ಉಜ್ಜಿದ ನಾಣ್ಯ ಎಲ್ಲ ಕೋನದಲ್ಲೂ ಒಂದೇ ಥರ ಸ್ಟೀಲ್ ಲೋಟದಂತೆ ಮಿನುಗುತ್ತದೆ, ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು ಉಳಿದಿರುತ್ತದೆ. ಪ್ಲಾಸ್ಟಿಕ್ ಆಲ್ಬಮ್ಮಿನಲ್ಲಿಟ್ಟ ನಾಣ್ಯದ ಮೇಲೆ ಹಸಿರು ಜಿಡ್ಡು ಕಂಡರೆ ಅದು ಪಿವಿಸಿಯ ಕೆಲಸ. ಶುದ್ಧ ಅಸಿಟೋನಿನಲ್ಲಿ ಕೆಲವು ನಿಮಿಷ ಮುಳುಗಿಸಿಟ್ಟು ಉಜ್ಜದೆ ತೆಗೆದರೆ ಹೋಗುತ್ತದೆ. ಉಗುರುಬಣ್ಣ ತೆಗೆಯುವ ದ್ರವ ಬಳಸಬೇಡಿ, ಅದರಲ್ಲಿ ಎಣ್ಣೆ, ಸುವಾಸನೆ ಬೆರೆತಿರುತ್ತದೆ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ; ಒಲೆಯ ಹತ್ತಿರ ಬೇಡ, ಕಿಟಕಿ ತೆರೆದಿರಲಿ.

ಇನ್ನೊಂದು ಗುರುತು ನಮ್ಮ ಕಡೆಯ ಬೆಳ್ಳಿ ರೂಪಾಯಿಗಳಲ್ಲಿ ಮೇಲಿಂದ ಮೇಲೆ ಸಿಗುತ್ತದೆ. ಸರಕ್ಕೆ, ಲಂಬಾಣಿ ಒಡವೆಗೆ ಹಾಕಲು ರಾಜನ ತಲೆಯ ಮೇಲ್ಗಡೆ ಕೊಂಡಿ ಬೆಸೆದು, ಆಮೇಲೆ ಕಿತ್ತು ಅರ ಹಾಕಿರುತ್ತಾರೆ. 12 ಗಂಟೆಯ ಜಾಗದಲ್ಲಿ ಅಂಚಿನ ಗೆರೆಗಳನ್ನು ಲೂಪಿನಲ್ಲಿ ಎಣಿಸುತ್ತ ಹೋಗಿ. ಮೂರು-ನಾಲ್ಕು ಗೆರೆ ತುಂಬಿಕೊಂಡಿದ್ದರೆ, ಬಣ್ಣ ಬೇರೆಯಾಗಿದ್ದರೆ ಅದು ಬೆಸುಗೆ. ಎಷ್ಟೇ ಅಪರೂಪದ ಇಸವಿಯಾದರೂ ಅಂಕದ ಆಸೆ ಬಿಡಿ.

ತೂಕ, ಅಳತೆ, ಆಯಸ್ಕಾಂತ

ಐದು ನಿಮಿಷದ ಈ ಹಂತ ಅರ್ಧಕ್ಕರ್ಧ ಅನುಮಾನಗಳನ್ನು ಮುಗಿಸುತ್ತದೆ.

- ವಿಕ್ಟೋರಿಯಾದಿಂದ 1939ರವರೆಗಿನ ಬೆಳ್ಳಿ ರೂಪಾಯಿ: 11.66 ಗ್ರಾಂ, ಸುಮಾರು 30.5 ಮಿ.ಮೀ., ಶೇ. 91.7 ಬೆಳ್ಳಿ, ಆಯಸ್ಕಾಂತಕ್ಕೆ ಅಂಟದು
- 1947ರ ಹುಲಿ ರೂಪಾಯಿ: 11.66 ಗ್ರಾಂ, ನಿಕಲ್, ಅಂಟುತ್ತದೆ
- 1975–82ರ ಒಂದು ರೂಪಾಯಿ: 8 ಗ್ರಾಂ, 28 ಮಿ.ಮೀ., ತಾಮ್ರ-ನಿಕಲ್, ಅಂಟದು
- 1983–91ರ ಒಂದು ರೂಪಾಯಿ: 6 ಗ್ರಾಂ, 26 ಮಿ.ಮೀ., ತಾಮ್ರ-ನಿಕಲ್, ಅಂಟದು
- 1992ರಿಂದ ಸುಮಾರು 2010ರವರೆಗಿನ ಸ್ಟೀಲ್ ಒಂದು ರೂಪಾಯಿ: 4.85 ಗ್ರಾಂ, 25 ಮಿ.ಮೀ., ಅಂಟುತ್ತದೆ
- ಎರಡು ಲೋಹದ ಹತ್ತು ರೂಪಾಯಿ: 7.71 ಗ್ರಾಂ, 27 ಮಿ.ಮೀ.

ಶೇ. 2–3ರಷ್ಟು ವ್ಯತ್ಯಾಸಕ್ಕೆ ಅರ್ಥವಿಲ್ಲ. ಸವೆದ ಬೆಳ್ಳಿ ರೂಪಾಯಿ ಇನ್ನೂ ಹಗುರವಾಗಿರಬಹುದು. ಆದರೆ 'ತಪ್ಪು ಬಿಲ್ಲೆಯ (ಅಚ್ಚು ಬೀಳುವ ಮುಂಚಿನ ಲೋಹದ ತುಂಡು) ಮೇಲೆ ಅಚ್ಚಾದದ್ದು' ಎನ್ನುವ ನಾಣ್ಯದ ತೂಕ ಮಾಮೂಲಿ ನಾಣ್ಯದಷ್ಟೇ ಇದ್ದರೆ, ಬಣ್ಣ ಎಷ್ಟೇ ಬೇರೆಯಾಗಿರಲಿ, ಅದು ಮಾಮೂಲಿ ನಾಣ್ಯವೇ. ಬೆಂಕಿಗೆ ಬಿದ್ದದ್ದು, ಬೇರೆ ಲೋಹದ ಲೇಪ ಹಾಕಿಸಿದ್ದು, ಬಚ್ಚಲಿನಲ್ಲಿ ವರ್ಷಗಟ್ಟಲೆ ಕೂತದ್ದು ಎಲ್ಲವೂ ಬಣ್ಣ ಬದಲಿಸುತ್ತವೆ.

ಬೆಳ್ಳಿಗೆ ಇನ್ನೊಂದು ಪರೀಕ್ಷೆ ಇದೆ, ಸವೆತ ಇದನ್ನು ಕೆಡಿಸುವುದಿಲ್ಲ. ಲೋಟದಲ್ಲಿ ನೀರು ತುಂಬಿ ಒಂದು ಹನಿ ಪಾತ್ರೆ ಸೋಪು ಬೆರೆಸಿ (ಗಾಳಿಗುಳ್ಳೆ ಅಂಟದಿರಲಿ ಎಂದು), ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ನೈಲಾನ್ ಎಳೆಯಲ್ಲಿ ಕಟ್ಟಿ, ತಳ-ಗೋಡೆ ಮುಟ್ಟದಂತೆ ಪೂರ್ತಿ ಮುಳುಗಿಸಿ. ತಕ್ಕಡಿ ತೋರಿಸುವ ಸಂಖ್ಯೆಯಿಂದ ನಾಣ್ಯದ ಒಣ ತೂಕವನ್ನು ಭಾಗಿಸಿ. 11.66 ಗ್ರಾಂ ನಾಣ್ಯಕ್ಕೆ 1.13 ಬಂದರೆ ಉತ್ತರ 10.3, ಅಂದರೆ ಹಳೆಯ ಶೇ. 91.7 ಬೆಳ್ಳಿ. 1.23ರ ಆಸುಪಾಸು ಬಂದರೆ 9.5, ಅದು 1940ರಿಂದ ಬಂದ ಅರ್ಧ ಬೆಳ್ಳಿಯ ಮಿಶ್ರಣ. 8.5–9 ಬಂದರೆ ಬೆಳ್ಳಿ ನೀರು ಹಾಕಿದ ಹಿತ್ತಾಳೆ ಅಥವಾ ತಾಮ್ರ ಎಂದುಕೊಳ್ಳಿ. 0.01 ಗ್ರಾಂ ತಪ್ಪಿದರೂ ಉತ್ತರ 0.1ರಷ್ಟು ಅಲುಗುತ್ತದೆ, ಆದ್ದರಿಂದ ಮೂರು ಸಲ ಮಾಡಿ.

'ಸಿಗದ ಇಸವಿ' ಸಿಕ್ಕಿದೆ

1939ರ ಬೆಳ್ಳಿ ರೂಪಾಯಿ ನಿಜಕ್ಕೂ ಅಪರೂಪ. ಅದಕ್ಕೇ ಅದರ ನಕಲು ಅಸಲಿಗಿಂತ ಹೆಚ್ಚು ಓಡಾಡುತ್ತದೆ. ಅಗ್ಗದ ಲೋಹದಲ್ಲಿ ಎರಕ ಹೊಯ್ದ ನಕಲು ನೀರಿನ ಪರೀಕ್ಷೆಯಲ್ಲೇ ಬೀಳುತ್ತದೆ. ಅರ್ಧ ಬೆಳ್ಳಿಯ ನಾಣ್ಯವೂ ಬೀಳುತ್ತದೆ, ಏಕೆಂದರೆ ಬೆಳ್ಳಿ ಇಳಿದದ್ದು 1940ರಲ್ಲಿ. ಬೀಳದೆ ಉಳಿಯುವುದು 1938ರ ಅಸಲಿ ನಾಣ್ಯದ 8ನ್ನು ಕೆತ್ತಿ 9 ಮಾಡಿದ್ದು: ಲೋಹ ಸರಿ, ತೂಕ ಸರಿ, ಅಂಚೂ ಸರಿ. ಇಲ್ಲಿ ಉಳಿದ ಆಧಾರ ಆ ಒಂದು ಅಂಕಿ ಮಾತ್ರ. ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬೆಳಕು ನಾಣ್ಯದ ಮೇಲೆ ಅಡ್ಡಡ್ಡ ಹರಿಯುವಂತೆ ಮಾಡಿ. ಕೊನೆಯ ಅಂಕಿಯ ಕೆಳ ಎಡಭಾಗದಲ್ಲಿ ಸುತ್ತಲಿನ ನೆಲಕ್ಕಿಂತ ತಗ್ಗಾದ ಗುಳಿ, ಉಳಿ ಓಡಾಡಿದ ಸಣ್ಣ ಗೆರೆ, ಬೇರೆ ಹೊಳಪಿನ ಕಲೆ ಕಂಡರೆ ಅಲ್ಲಿದ್ದ ಲೋಹವನ್ನು ಕೆತ್ತಿ ತೆಗೆದಿದ್ದಾರೆ. ಹಿಂದಿನ 9ನ್ನೂ ಕೊನೆಯ 9ನ್ನೂ ಒಂದೇ ಫೋಟೋದಲ್ಲಿ ದೊಡ್ಡದು ಮಾಡಿ ಹೋಲಿಸಿ. ಬಾಲದ ಬಾಗು, ದಪ್ಪ, ಎತ್ತರ ಹೊಂದದಿದ್ದರೆ ಅನುಮಾನ ಗಟ್ಟಿ. ಅಂಕಿ ತಿದ್ದಿದ ನಾಣ್ಯಕ್ಕೆ ಗ್ರೇಡಿಂಗ್ ಸಂಸ್ಥೆ ಅಂಕ ಕೊಡದು, ಕಟ್ಟಿದ ಶುಲ್ಕ ಮಾತ್ರ ಹೋಗುತ್ತದೆ.

1911ರ 'ಹಂದಿ ರೂಪಾಯಿ' ಕಥೆ ಬೇರೆ. ಐದನೇ ಜಾರ್ಜನ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಗಿಡ್ಡವಾಗಿ, ಜನರ ಕಣ್ಣಿಗೆ ಅದು ಹಂದಿಯಂತೆ ಕಂಡು ಗದ್ದಲವಾಯಿತು. ಅಚ್ಚಾದ ಸುಮಾರು 94 ಲಕ್ಷದಲ್ಲಿ 7 ಲಕ್ಷದಷ್ಟು ಮಾತ್ರ ಹೊರಬಿದ್ದವು, ಉಳಿದವನ್ನು ಕರಗಿಸಿದರು. 1912ರಿಂದ ಉದ್ದ ಸೊಂಡಿಲಿನ, ಆನೆಯಂತೆಯೇ ಕಾಣುವ ಆನೆ ಬಂತು. ಇಸವಿಗಿಂತ ಮೊದಲು ಆನೆಯನ್ನು ನೋಡಿ: 1911 ಎಂದಿದ್ದು ಉದ್ದ ಸೊಂಡಿಲಿದ್ದರೆ ಇಸವಿ ತಿದ್ದಿದ್ದು, 1917ರ 7ರ ತಲೆ ಕೆರೆದರೆ 1 ಆಗಲು ಹೆಚ್ಚು ಹೊತ್ತು ಬೇಡ. ಅಸಲಿಯೇ ಆದರೂ 7 ಲಕ್ಷ ಎಂಬ ಸಂಖ್ಯೆ ನೆನಪಿರಲಿ. ಸವೆದ ಹಂದಿ ರೂಪಾಯಿ ವ್ಯಾಪಾರಿಗಳ ತಟ್ಟೆಯಲ್ಲಿ ಸಿಗುತ್ತಲೇ ಇರುತ್ತದೆ. ಗ್ರೇಡಿಂಗಿಗೆ ಯೋಗ್ಯವಾಗುವುದು ಕಿರೀಟ, ಕಿವಿ, ನಿಲುವಂಗಿಯ ಕಸೂತಿ ಸವೆಯದೆ ಉಳಿದದ್ದು ಮಾತ್ರ.

1862ರ ವಿಕ್ಟೋರಿಯಾ ರೂಪಾಯಿಯಲ್ಲಿ ಇಸವಿಯೇ ದಾರಿ ತಪ್ಪಿಸುತ್ತದೆ. 1874ರವರೆಗೂ ಅದೇ ಇಸವಿಯಲ್ಲಿ ಅಚ್ಚು ಹಾಕಿದ್ದರಿಂದ '1862' ಎಂಬುದು ಅಪರೂಪವೇ ಅಲ್ಲ. ಅಲ್ಲಿ ಬೆಲೆ ನಿಂತಿರುವುದು ಹಿಂಭಾಗದಲ್ಲಿ ಇಸವಿಯ ಕೆಳಗೂ ಮೇಲಿನ ಬರಹದ ಹತ್ತಿರವೂ ಇರುವ ಸಣ್ಣ ಚುಕ್ಕಿಗಳ ಎಣಿಕೆಯ ಮೇಲೆ. ಎಣಿಸುವಾಗ ಎರಡು ಥರ ಮೋಸ ಹೋಗಬಹುದು. ತುಕ್ಕು ಹಿಡಿದ ಅಚ್ಚಿನ ಗುಳಿಗಳಿಂದ ನಾಣ್ಯದ ಮೇಲೆ ಗುಳ್ಳೆಯಂಥ ಉಬ್ಬು ಬರುತ್ತದೆ. ಅವು ಅಡ್ಡಾದಿಡ್ಡಿ ಗಾತ್ರ, ಜಾಗದಲ್ಲಿರುತ್ತವೆ. ಬೇಕೆಂದೇ ಹಾಕಿದ ಚುಕ್ಕಿ ದುಂಡಗೆ, ಸಾಲಾಗಿರುತ್ತದೆ. ಎರಡನೆಯದು ಕೊಳೆ. ಒದ್ದೆ ಮಾಡಿದ ಬಿದಿರು ಹಲ್ಲುಕಡ್ಡಿಯ ತುದಿಯಿಂದ ಮೆತ್ತಗೆ ಮುಟ್ಟಿದರೆ ಬಿಟ್ಟುಬರುವುದು ಚುಕ್ಕಿಯಲ್ಲ.

ಎರಡೆರಡಾಗಿ ಕಾಣುವ ಅಕ್ಷರ

ಅತಿ ಹೆಚ್ಚು ಜನ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನಿಸೋಣ. ಜೋಡಿ ಅಕ್ಷರಕ್ಕೆ ಮೂರು ಕಾರಣಗಳಿವೆ. ಬೆಲೆ ಬರುವುದು ಒಂದಕ್ಕೆ.

ಉಬ್ಬು ಚಿತ್ರವಿರುವ ಹಬ್ ಎಂಬ ಮೂಲ ಅಚ್ಚಿನಿಂದ ಡೈ (ನಾಣ್ಯಕ್ಕೆ ಏಟು ಕೊಡುವ ಅಚ್ಚು) ಮೇಲೆ ತಗ್ಗು ಚಿತ್ರ ಒತ್ತುತ್ತಾರೆ. ಹಿಂದೆ ಒಂದೇ ಒತ್ತಿಗೆ ಚಿತ್ರ ಪೂರ್ತಿ ಮೂಡುತ್ತಿರಲಿಲ್ಲ. ಡೈಯನ್ನು ಕಾಯಿಸಿ ಮೆದು ಮಾಡಿ ಮತ್ತೆ ಒತ್ತಬೇಕಿತ್ತು. ಎರಡನೆಯ ಒತ್ತು ಕೂದಲೆಳೆಯಷ್ಟು ಜಾರಿದರೆ ಡೈನಲ್ಲೇ ಎರಡು ಚಿತ್ರ ಕೂರುತ್ತದೆ. ಇದು ನಿಜವಾದ ಜೋಡಿ ಅಚ್ಚು. ಅದರಲ್ಲಿ ಎರಡೂ ಅಕ್ಷರಗಳು ದುಂಡಗೆ, ಒಂದೇ ಎತ್ತರದಲ್ಲಿ ಇರುತ್ತವೆ. ಅಕ್ಷರದ ಒಟ್ಟು ಅಗಲ ಹೆಚ್ಚುತ್ತದೆ. ತುದಿಗಳು ಹಾವಿನ ನಾಲಿಗೆಯಂತೆ ಸೀಳಿರುತ್ತವೆ, ಸೀಳಿನ ನಡುವೆ ಕಚ್ಚು ಕಾಣುತ್ತದೆ.

ಎರಡನೆಯದು ಯಂತ್ರದ ಅಲುಗಾಟ. ಡೈ ಸಡಿಲವಾಗಿದ್ದು, ಏಟು ಬಿದ್ದ ಮರುಕ್ಷಣ ಅಲುಗಿ, ಆಗ ತಾನೇ ಮೂಡಿದ ಅಕ್ಷರದ ಪಕ್ಕವನ್ನು ಕೆಳಕ್ಕೆ ತಳ್ಳುತ್ತದೆ. ಹೀಗಾದಾಗ ಅಕ್ಷರದ ಮಗ್ಗುಲಲ್ಲಿ ಮೆಟ್ಟಿಲಿನಂತೆ ಚಪ್ಪಟೆಯಾದ, ಹೊಳೆಯುವ ಕಟ್ಟೆ ಬರುತ್ತದೆ, ಮೂಲ ಅಕ್ಷರ ಕೊರೆದಂತೆ ತೆಳ್ಳಗಾಗಿರುತ್ತದೆ. ಭಾರತದ ನಾಣ್ಯಗಳಲ್ಲಿ 'ಡಬಲ್ ಡೈ' ಎಂದು ಮಾರಾಟಕ್ಕೆ ಬರುವುದರಲ್ಲಿ ಬಹುಪಾಲು ಇದೇ. ಬೆಲೆ ಇಲ್ಲ.

ಮೂರನೆಯದು ಅಚ್ಚಿನ ಸವೆತ. ಸ್ಟೀಲ್ ನಾಣ್ಯಗಳಲ್ಲಿ ಇದು ಹೆಚ್ಚು, ಏಕೆಂದರೆ ಗಟ್ಟಿ ಬಿಲ್ಲೆ ಡೈಯನ್ನು ಬೇಗ ತಿನ್ನುತ್ತದೆ. ಅಕ್ಷರಗಳು ಉಬ್ಬಿ, ನೀರಿನಲ್ಲಿ ನೆಂದ ಕಾಗದದ ಶಾಯಿಯಂತೆ ಹರಡಿ, ಸುತ್ತ ಮಬ್ಬು ನೆರಳು ಬರುತ್ತದೆ. ಖಾಲಿ ಜಾಗ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿರುತ್ತದೆ. ಅಂಚಿನ ಕಡೆಗೆ ಹೆಚ್ಚು, ನಡುವೆ ಕಡಿಮೆ. ಇದಕ್ಕೂ ಬೆಲೆ ಇಲ್ಲ.

ಇನ್ನೂ ಗೊಂದಲವಿದ್ದರೆ ಒಂದು ತರ್ಕ ನೆರವಿಗೆ ಬರುತ್ತದೆ. ಡೈನಲ್ಲೇ ಇರುವ ದೋಷ ಆ ಡೈಯಿಂದ ಬಂದ ಸಾವಿರಾರು ನಾಣ್ಯಗಳಲ್ಲೂ ಅದೇ ಜಾಗದಲ್ಲಿ, ಅದೇ ದಿಕ್ಕಿನಲ್ಲಿ, ಅಷ್ಟೇ ದೂರದಲ್ಲಿ ಇರುತ್ತದೆ. ಯಂತ್ರದ ಅಲುಗಾಟ ಏಟಿನಿಂದ ಏಟಿಗೆ ಬದಲಾಗಬಹುದು. ಹರಾಜು ಪಟ್ಟಿಗಳ ಹಳೆಯ ಫೋಟೋಗಳಲ್ಲಿ ನಿಮ್ಮ ನಾಣ್ಯದ ಒಡಹುಟ್ಟು ಸಿಕ್ಕರೆ ಅದು ಪ್ರಭೇದ (ಡೈನ ವ್ಯತ್ಯಾಸದಿಂದ ಬೇರೆಯಾಗಿ ಗುರುತಿಸುವ ಬಗೆ) ಎನ್ನಲು ದಾರಿಯಾಯಿತು, ಅದಕ್ಕೆ ಹಿಂದೆ ಬಂದ ಬೆಲೆಯೂ ಗೊತ್ತಾಯಿತು.

ಇಸವಿಯ ಕೆಳಗೆ ಗುರುತಿಲ್ಲ, ಅಥವಾ ಅಪರಿಚಿತ ಗುರುತಿದೆ

ಗುರುತಿಲ್ಲದಿದ್ದರೆ ಅದು ಕೋಲ್ಕತ್ತ ಟಂಕಸಾಲೆಯದು, ಅಷ್ಟೇ. ವಜ್ರಾಕೃತಿ ಮುಂಬೈ, ಐದು ಮೂಲೆಯ ನಕ್ಷತ್ರ ಹೈದರಾಬಾದ್, ದುಂಡು ಚುಕ್ಕಿ ನೋಯ್ಡಾ. ಹೈದರಾಬಾದಿನ ಹಳೆಯ ನಾಣ್ಯಗಳಲ್ಲಿ ಸೀಳಿದ ವಜ್ರ, ಒಳಗೆ ಚುಕ್ಕಿಯಿರುವ ವಜ್ರವೂ ಉಂಟು. 1985ರ ಒಂದು ರೂಪಾಯಿಯಲ್ಲಿ ಇಂಗ್ಲಿಷಿನ 'ಎಚ್' ಕಂಡರೆ ಬರ್ಮಿಂಗ್‌ಹ್ಯಾಮ್, 1999ರ ಐದು ರೂಪಾಯಿಯಲ್ಲಿ ರಷ್ಯನ್ ಅಕ್ಷರ ಕಂಡರೆ ಮಾಸ್ಕೋ. ನಮ್ಮ ಟಂಕಸಾಲೆಗಳಿಗೆ ಬೇಡಿಕೆ ಪೂರೈಸಲಾಗದ ಕಾಲದಲ್ಲಿ ಹೊರದೇಶದಲ್ಲಿ ಮಾಡಿಸಿ ತಂದದ್ದು. ಸಂಗ್ರಹಕ್ಕೆ ಚೆಂದ, ಆದರೆ ಚಲಾವಣೆಯಲ್ಲಿ ಸವೆದದ್ದನ್ನು ಗ್ರೇಡಿಂಗಿಗೆ ಕಳಿಸಿದರೆ ಶುಲ್ಕವೂ ಹುಟ್ಟುವುದಿಲ್ಲ. ನಕ್ಷತ್ರದ ಅರ್ಧ ಮಾತ್ರ ಕಾಣುತ್ತಿದ್ದರೆ ಅಚ್ಚಿನ ಕುಳಿಗೆ ಗ್ರೀಸು ತುಂಬಿಕೊಂಡಿತ್ತು ಎಂದರ್ಥ.

ತುಂಡಾದದ್ದು, ಜರುಗಿದ್ದು, ಎರಡೂ ಕಡೆ ಒಂದೇ ಚಿತ್ರ

ಅರ್ಧಚಂದ್ರದಂತೆ ಕಡಿದ ಅಂಚಿನ ನಾಣ್ಯ ಟಂಕಸಾಲೆಯ ತಪ್ಪೋ, ಕತ್ತರಿಯ ಕೆಲಸವೋ? ಕಡಿದ ಜಾಗಕ್ಕೆ ನೇರ ಎದುರಿನ ಅಂಚನ್ನು ನೋಡಿ. ಲೋಹದ ಹಾಳೆಯಿಂದ ಬಿಲ್ಲೆ ಕತ್ತರಿಸುವಾಗಲೇ ತುಂಡಾಗಿದ್ದರೆ, ಅಂಚು ಉಬ್ಬಿಸುವ ಯಂತ್ರದಲ್ಲಿ ಎದುರು ಬದಿಗೆ ಒತ್ತಡ ಸಿಗದೆ ಅಲ್ಲಿ ಅಂಚು ಮಂಕಾಗಿರುತ್ತದೆ. ಕಡಿತದ ಹತ್ತಿರದ ಅಕ್ಷರಗಳೂ ಲೋಹ ಹರಿದು ಹಿಗ್ಗಿದಂತೆ ಕಾಣುತ್ತವೆ. ಆಮೇಲೆ ಕತ್ತರಿಸಿದ ನಾಣ್ಯದಲ್ಲಿ ಎದುರು ಅಂಚು ಗಟ್ಟಿಯಾಗಿಯೇ ಇರುತ್ತದೆ, ಅಕ್ಷರಗಳು ಚಾಕುವಿನಲ್ಲಿ ಕೊಯ್ದಂತೆ ನಿಲ್ಲುತ್ತವೆ.

ಹತ್ತು ರೂಪಾಯಿಯ ನಡುಬಿಲ್ಲೆ ತಲೆಕೆಳಗಾಗಿದೆ ಎಂದು ತೋರಿಸುವವರು ಬಹಳ. ಉಂಗುರವೂ ನಡುಬಿಲ್ಲೆಯೂ ಅಚ್ಚಿನ ಏಟಿನಲ್ಲೇ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಚಿತ್ರವೂ ಅದೇ ಏಟಿನಲ್ಲಿ ಎರಡರ ಮೇಲೂ ಬೀಳುತ್ತದೆ. ಹಾಗಿರುವಾಗ ನಡುವಿನ ಚಿತ್ರ ಮಾತ್ರ ತಿರುಗಿರಲು ಸಾಧ್ಯವಿಲ್ಲ. ಸುತ್ತಿಗೆಯಲ್ಲಿ ತಟ್ಟಿ ಹೊರತೆಗೆದು ತಿರುಗಿಸಿ ಕೂರಿಸಿದ್ದು ಅದು. ಸಂದಿಯಲ್ಲಿ ಗೀರು, ಸಣ್ಣ ಬಿರುಕು ಕಾಣುತ್ತದೆ. ಅಚ್ಚಿಗೆ ಮೊದಲೇ ನಡುಬಿಲ್ಲೆ ಜರುಗಿದ್ದರೆ ಚಿತ್ರ ಸರಿಯಾಗಿಯೇ ಇದ್ದು, ಎರಡು ಲೋಹಗಳ ಗಡಿ ಮಾತ್ರ ಓರೆಯಾಗಿರುತ್ತದೆ. ಅದು ನಿಜವಾದ ದೋಷ.

ಎರಡೂ ಕಡೆ ಒಂದೇ ಮುಖವಿರುವ ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸಿ ಕೇಳಿ. ಟಣ್ ಎನ್ನದೆ ಬೊದ್ದಾಗಿ ಸದ್ದಾದರೆ ಎರಡು ನಾಣ್ಯ ಕೊರೆದು ಒಂದರೊಳಗೆ ಒಂದು ಕೂರಿಸಿದ್ದಾರೆ. ಜೋಡಣೆಯ ಗೆರೆ ಅಂಚಿನ ಉಬ್ಬಿನ ಒಳಮಗ್ಗುಲಲ್ಲಿ ಸುತ್ತಲೂ ಓಡಿರುತ್ತದೆ. ಒಂದು ಕಡೆ ತಿರುಗುಮುರುಗಾದ ತಗ್ಗು ಚಿತ್ರವಿದ್ದರೆ, ಮೂಲ ಚಿತ್ರ ಅಪ್ಪಚ್ಚಿಯಾಗಿ ಕೆಳಗೆ ಇಣುಕುತ್ತಿದೆಯೇ ನೋಡಿ. ಇಣುಕಿದರೆ ಎರಡು ನಾಣ್ಯಗಳನ್ನು ವೈಸಿನಲ್ಲಿ ಒತ್ತಿದ್ದು. ಟಂಕಸಾಲೆಯಲ್ಲೇ ಆದದ್ದರಲ್ಲಿ ತಗ್ಗು ಚಿತ್ರವೊಂದೇ ಇರುತ್ತದೆ, ಅಡಿಯಲ್ಲಿ ಇನ್ನೊಂದಿರುವುದಿಲ್ಲ.

ತಪಾಸಣೆಯೇ ಬೇಡದವು

ರಾಮನ ಆಸ್ಥಾನವಿರುವ '1818ರ ಈಸ್ಟ್ ಇಂಡಿಯಾ ಕಂಪನಿ ಅರ್ಧಾಣೆ'ಯನ್ನು ಯಾವ ಟಂಕಸಾಲೆಯೂ ಹೊರಡಿಸಿಲ್ಲ. ಅದು ದೇವಸ್ಥಾನದ ಮುಂದೆ ಮಾರುವ ಬಿಲ್ಲೆ. ಅಕ್ಕಿ ಎಳೆಯುವ 'ರೈಸ್ ಪುಲ್ಲರ್' ನಾಣ್ಯ ಶುದ್ಧ ವಂಚನೆ. ವೈಷ್ಣೋದೇವಿಯ ಐದು, ಹತ್ತು ರೂಪಾಯಿ 2012ರ ಇಸವಿಯ ಸ್ಮಾರಕ ನಾಣ್ಯ, ಲಕ್ಷಗಳ ಮಾತು ಬರೀ ಗಾಳಿಸುದ್ದಿ. 'ರಿಸರ್ವ್ ಬ್ಯಾಂಕ್ ಕಮಿಷನ್' ಎಂದು ಮುಂಗಡ ಕೇಳಿದರೆ ಫೋನ್ ಇಡಿ. ಹಳೆಯ ನೋಟು-ನಾಣ್ಯಗಳ ಇಂಥ ವ್ಯವಹಾರದಲ್ಲಿ ತಾನಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಪ್ರಕಟಣೆ ಹೊರಡಿಸಿದೆ.

ಕಳಿಸುವುದೋ ಬೇಡವೋ

ಎಲ್ಲ ಹಂತ ದಾಟಿ ಬಂದ ನಾಣ್ಯಕ್ಕೆ ಈಗ ಲೆಕ್ಕ. ಅದೇ ಪ್ರಭೇದದ, ಅದೇ ಸ್ಥಿತಿಯ ನಾಣ್ಯ ಗ್ರೇಡಿಂಗ್ ಪೆಟ್ಟಿಗೆಯೊಳಗಿದ್ದಾಗ ಎಷ್ಟಕ್ಕೆ ಹೋಯಿತು, ಬಿಡಿಯಾಗಿ ಎಷ್ಟಕ್ಕೆ ಹೋಯಿತು ಎಂದು ಮುಗಿದ ಹರಾಜುಗಳಲ್ಲಿ ನೋಡಿ. ಮಾರಾಟಗಾರ ಕೇಳುತ್ತಿರುವ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸ್ಥಿತಿಯನ್ನು ನೀವು ಅಂದುಕೊಂಡದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೇ ಇಟ್ಟು ಎಣಿಸಿ. ತನ್ನ ನಾಣ್ಯದ ಸವೆತ ತನಗೆ ಕಾಣುವುದಿಲ್ಲ. ಆ ಎರಡು ಬೆಲೆಗಳ ವ್ಯತ್ಯಾಸವು ಶುಲ್ಕ, ಸಾಗಣೆ, ವಿಮೆ, ತೆರಿಗೆ ಸೇರಿದ ಒಟ್ಟು ಖರ್ಚಿನ ಎರಡರಷ್ಟಾದರೂ ಇರಲಿ. ಇಲ್ಲದಿದ್ದರೆ ನಾಣ್ಯ ನಿಮ್ಮ ಬಳಿಯೇ ಚೆನ್ನ.

ಕಾನೂನಿನ ಒಂದು ಗಡಿಯೂ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ 100 ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಹಂದಿ ರೂಪಾಯಿಯನ್ನು ಕೊರಿಯರಿನಲ್ಲಿ ಅಮೆರಿಕಕ್ಕೆ ಕಳಿಸುವುದೂ, ಅಲ್ಲಿರುವ ಮಗಳ ಸೂಟ್‌ಕೇಸಿನಲ್ಲಿಟ್ಟು ಕಳಿಸುವುದೂ ಒಂದೇ ತಪ್ಪು. ಅಂಥದ್ದನ್ನು ದೇಶದೊಳಗೇ ಗ್ರೇಡ್ ಮಾಡಿಸಬೇಕು. 1939ರದಕ್ಕೆ ಇನ್ನೂ ನೂರಾಗಿಲ್ಲ. ಆದರೂ ಕಸ್ಟಮ್ಸ್‌ನಲ್ಲಿ ತೊಡಕಾಗದಿರಲು ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆದಿರಿ.

ಪ್ಯಾಕ್ ಮಾಡುವಾಗ ಪಿವಿಸಿ ಇಲ್ಲದ ಮೈಲಾರ್ ಹೊದಿಕೆ ಬಳಸಿ. ಸ್ಟೇಪಲ್ ಹೊಡೆದ ರಟ್ಟಿನ ಹೊದಿಕೆಯಿಂದ ತೆಗೆಯುವಾಗ ಪಿನ್ನೇ ನಾಣ್ಯವನ್ನು ಗೀರುತ್ತದೆ. ಹೊರಡುವ ಮುನ್ನ ಎರಡೂ ಮುಖ, ಅಂಚಿನ ಫೋಟೋ, ತೂಕ ಬರೆದಿಟ್ಟುಕೊಳ್ಳಿ. ಅರ್ಜಿಯಲ್ಲಿ ಪ್ರಭೇದದ ಹೆಸರು, ನಾಣ್ಯ ಕ್ಯಾಟಲಾಗಿನಲ್ಲಿ ಅದರ ಸಂಖ್ಯೆ, ದೋಷ ಯಾವ ಬದಿಯ ಯಾವ ಗಂಟೆಯ ಜಾಗದಲ್ಲಿದೆ ಎಂಬುದನ್ನು ನೀವೇ ಬರೆಯಬೇಕು, ಪ್ರಭೇದ ಗುರುತಿಸುವ ಹೆಚ್ಚುವರಿ ಸೇವೆಗೆ ಟಿಕ್ ಹಾಕಿ ಅದರ ಶುಲ್ಕವನ್ನೂ ಕಟ್ಟಬೇಕು. ಆ ಕಾಲಂ ಖಾಲಿ ಬಿಟ್ಟರೆ ಪೆಟ್ಟಿಗೆಯ ಚೀಟಿಯ ಮೇಲೆ ಬರುವುದು ಬರೀ ಇಸವಿ ಮತ್ತು ಅಂಕ.